ತೊಳೆದ ಟೊಪ್ಪಿಗೆ

ರಾಯಚೂರಿನ ನನ್ನ ಹಳೆ ಸಾಮಾನಿನ ಅಂಗಡಿಗೆ ಇವತ್ತು ಒಬ್ಬರು ತಂದ ಹಳೆಯ ಫೌಜಿ ಟೊಪ್ಪಿಗೆ ಅಸಲಿಯೋ ನಕಲಿಯೋ ಎಂದು ಒಳಪಟ್ಟಿ ಮೂಸಿದೆ. ಅಂಟುವಾಳದ ವಾಸನೆ ಬಂತು.

ನನ್ನ ಚಿಕ್ಕಂದಿನಲ್ಲಿ ದೇವದುರ್ಗದ ನಮ್ಮ ಮನೆಗೆ ಒಂದು ಮಧ್ಯಾಹ್ನ ಇಂಥ ಟೊಪ್ಪಿಗೆ ಸಂಗ್ರಹಿಸುವ ಸಾಹೇಬರು ಬರುವವರಿದ್ದರು. ತಾತ ಫೌಜಿನಲ್ಲಿ ಹಾಕಿದ್ದ ಟೊಪ್ಪಿಗೆಯನ್ನು ಅವ್ವ ಬೆಳಿಗ್ಗೆಯೇ ಅಂಟುವಾಳದಲ್ಲಿ ತಿಕ್ಕಿ, ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ಬೆಳಗಿಟ್ಟಿದ್ದಳು.

ಸಾಹೇಬರು ಒಳಗೆ ಮೂಸಿ ಕೆಳಗಿಟ್ಟರು. "ಬೆವರಿನ ಕಲಿನೇ ಇಲ್ಲ. ಇದು ಯಾರೂ ಹಾಕ್ಕೊಂಡಿದ್ದಲ್ಲ ಬಿಡ್ರಿ."

"ಬಂದವ್ರ ಮುಂದ ಹೊಲಸು ಇಡಬಾರದಂತ ನಾನೇ ತೊಳದೀನ್ರೀ," ಎಂದಳು ಅವ್ವ, ಬಾಯಿಗೆ ಸೆರಗು ಒತ್ತಿಕೊಂಡು.

ತಾತ ರುಮಾಲು ಬಿಚ್ಚಿದ. ಸಾಹೇಬರ ಮುಂದೆ ತಲೆ ಬಗ್ಗಿಸಿ, ಹಣೆಯ ಮೇಲೆ ಟೊಪ್ಪಿಗೆ ಒತ್ತಿ ಬಿದ್ದಿದ್ದ ಗೆರೆಗೆ ಬೆರಳಿಟ್ಟ. "ಕಲಿ ಇಲ್ಲಿ ಅದ ನೋಡ್ರೀ."

ಸಾಹೇಬರು ಚೀಲ ಹೆಗಲಿಗೇರಿಸಿದರು. ಅವರು ಹೊಸ್ತಿಲು ದಾಟಿದ ಮೇಲೂ ತಾತನ ತಲೆ ಬಗ್ಗಿಯೇ ಇತ್ತು.