ಹನ್ನೆರಡನೆಯ ಸ್ಲೈಡು

“ಹನ್ನೆರಡು ಎಲ್ಲಿ ಹೋಯ್ತಮ್ಮಾ?”

ಕೇಳಿದವರು ಊರ ಸಮಿತಿಯ ಹಿರಿಯ ಸದಸ್ಯ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಜ್ಜ. ಅದುವರೆಗೆ ಅವರು ಹಿಂದಿನ ಕುರ್ಚಿಯಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಾರೆಂದೇ ಎಲ್ಲರೂ ತಿಳಿದಿದ್ದರು. ಪರದೆಯ ಪಕ್ಕ ನಿಂತು ಸ್ಲೈಡು ತೋರಿಸುತ್ತಿದ್ದ ಇಂಜಿನಿಯರ್ ಹುಡುಗಿ ಅವರತ್ತ ತಿರುಗಿದಳು.

“ಮೂಲೇಲಿ ನಂಬರ್ ಹಾಕಿದೀಯಲ್ಲ, ಹನ್ನೊಂದು ಆದ್ಮೇಲೆ ಹದಿಮೂರು ಬಂತು. ನಲವತ್ತು ವರ್ಷ ಹಾಳೆ ಎಣಿಸಿದೋನು ನಾನು. ಒಂದು ಹಾಳೆ ಕಮ್ಮಿ ಇದೆ.”

ಮುಂದಿನ ಸಾಲಿನಲ್ಲಿದ್ದ ಅವಳ ಮೇಲಧಿಕಾರಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ತಟ್ಟನೆ ಎದ್ದರು. “ಟೈಪಿಂಗ್ ತಪ್ಪು ಅಜ್ಜಾ. ನಂಬರಲ್ಲೇನಿದೆ? ಒಳಗಿರೋ ವಿಷಯ ನೋಡಿ.”

“ವಿಷಯ ಕಂಡರೆ ತಾನೆ ಸ್ವಾಮಿ? ಇರುವೆ ಸಾಲಿನ ಹಾಗೆ ಅಕ್ಷರ ತುಂಬಿಸಿದೀರಿ. ನನ್ನ ಕಣ್ಣಿಗೆ ಬಿದ್ದಿದ್ದು ನಂಬರ್ ಒಂದೇ!”

ಸಭೆ ಗೊಳ್ಳೆಂದು ನಕ್ಕಿತು. ಹುಡುಗಿಗೆ ಮಾತ್ರ ನಗು ಬರಲಿಲ್ಲ. ಅವಳು ಮಾಡಿದ್ದು ಆರೇ ಸ್ಲೈಡು. “ಇಷ್ಟೇನಾ? ಕೆಲಸ ಮಾಡಿದ ಹಾಗೆ ಕಾಣೋದು ಬೇಡ್ವಾ?” ಎಂದು ಸಾಹೇಬರು ಅದನ್ನು ಎಳೆದೆಳೆದು ನಲವತ್ತು ಮಾಡಿಸಿದ್ದರು. ರೈಲು ಹಳಿಯ ಮೇಲಿನ ಕಾಲುಸೇತುವೆಗೆ ಬಣ್ಣ ಹೊಡೆಸಿದರೆ ಸಾಕು, ಇನ್ನೈದು ವರ್ಷ ಚಿಂತೆಯಿಲ್ಲ ಎನ್ನುವುದು ಆ ನಲವತ್ತರ ಒಟ್ಟು ಸಾರ. ಹನ್ನೆರಡನೆಯದನ್ನು ನೋಡಿದಾಗ ಮಾತ್ರ ಅವರು ಮುಖ ಗಂಟಿಕ್ಕಿದ್ದರು. “ಇದು ಸಭೇಲಿ ಕಾಣಬಾರದು. ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಮಾಡೋ ಕಾಗದಕ್ಕೆ ಸಹಿ ಹಾಕೋನು ನಾನೇ, ನೆನಪಿರಲಿ.” ಅವಳು ಕಾಣದ ಹಾಗೆ ಮಾಡಿದ್ದಳು.

“ಅಂಥದ್ದೊಂದು ಇದೆಯೇನಮ್ಮಾ?” ಸಮಿತಿಯ ಅಧ್ಯಕ್ಷೆ ಕೇಳಿದರು.

ಸಾಹೇಬರು ಅವಳನ್ನೇ ದುರುಗುಟ್ಟಿ ನೋಡಿದರು. ಅವಳಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. “ಇದೆ ಮೇಡಂ,” ಎಂದವಳೇ ಕೀಲಿಮಣೆಯಲ್ಲಿ ಒಂದು, ಎರಡು ಒತ್ತಿ ಎಂಟರ್ ಒತ್ತಿದಳು.

ಒಂದೇ ಒಂದು ಫೋಟೊ. ಸೇತುವೆಯ ಕಬ್ಬಿಣದ ತೊಲೆ ತುಕ್ಕು ತಿಂದು ತೂತಾಗಿ, ಆ ತೂತಿನಲ್ಲಿ ಕೆಳಗಿನ ರೈಲು ಹಳಿ ಕಾಣುತ್ತಿತ್ತು. ಅಡಿಯಲ್ಲಿ ದಪ್ಪಕ್ಷರದ ಒಂದು ಸಾಲು: ‘ದಿನಾ ಎಂಟುನೂರು ಮಕ್ಕಳು ಇದರ ಮೇಲೆ ನಡೆದು ಶಾಲೆಗೆ ಹೋಗುತ್ತಾರೆ.’

ಅಜ್ಜ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಪದವನ್ನು ಕೊನೆಯವರೆಗೂ ಓದಿದರು. “ಹ್ಞಾಂ, ಇದು ಕಾಣ್ತು,” ಎಂದರು. ಬಣ್ಣದ ಮಾತು ಅಲ್ಲಿಗೇ ನಿಂತಿತು. ಅಂದು ಸಂಜೆ ಶಾಲೆ ಬಿಡುವ ಮೊದಲೇ ಸೇತುವೆಯ ಎರಡೂ ತುದಿಗೆ ಅಡ್ಡಗಟ್ಟಬೇಕೆಂದು ತೀರ್ಮಾನವಾಯಿತು.

ಹೊರಗಿನ ಮೆಟ್ಟಿಲ ಹತ್ತಿರ ಸಾಹೇಬರು ಅವಳನ್ನು ಅಡ್ಡಹಾಕಿದರು. ಸಿಟ್ಟಿಗೆ ಅವರ ಕಿವಿ ಕೆಂಪಾಗಿತ್ತು.

“ಬರೀ ಮುಚ್ಚಿಟ್ಟರೆ ನಂಬರ್ ಹಾರಿಹೋಗುತ್ತೆ ಕಣಮ್ಮಾ! ಪೂರ್ತಿ ಅಳಿಸಿಬಿಟ್ಟಿದ್ರೆ ತಾನಾಗೇ ಸರಿಹೋಗ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಇಷ್ಟು ಓದಿದೀಯ, ಅಷ್ಟೂ ಗೊತ್ತಿರಲಿಲ್ವಾ ನಿನಗೆ?”

ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

“ಗೊತ್ತಿತ್ತು ಸರ್.”