ಅಮ್ಮನ ಕಡೆ, ಅಪ್ಪನ ಕಡೆ

"ಇವಳ ಅಪ್ಪ ಬಂದಾಗಲೆಲ್ಲ ಏರುತ್ತೆ ಡಾಕ್ಟ್ರೇ. ಮಗುವಿಗೇ ಅವರ ಮುಖ ಬೇಡವಾಗಿದೆ," ಎಂದಳು ತಾಯಿ.

ಏರುತ್ತಿದ್ದುದು ಮಾನಿಟರಿನ ಮೇಲಿನ ಅಂಕಿ. ಔಷಧಿಯ ನಿದ್ದೆಯಲ್ಲಿದ್ದ ಪುಟ್ಟಿಯ ತಲೆಬುರುಡೆಯೊಳಗೆ ಇಳಿಬಿಟ್ಟ ಸಣ್ಣ ತಂತಿ ಅಲ್ಲಿನ ಒತ್ತಡವನ್ನು ಗಳಿಗೆ ಗಳಿಗೆಗೂ ತೋರಿಸುತ್ತಿತ್ತು. ಮೆದುಳು ಊದಿಕೊಂಡಷ್ಟೂ ಅಂಕಿ ಮೇಲಕ್ಕೆ. ಮಗಳಿಗೆ ಹೆಲ್ಮೆಟ್ ಹಾಕದೆ ಬೈಕಿನ ಮುಂದೆ ಕೂರಿಸಿಕೊಂಡು ಹೊರಟವನು ಅಪ್ಪ. ಬಿದ್ದಾಗ ಅವನಿಗೆ ಮೊಣಕೈ ತರಚಿತ್ತು, ಅಷ್ಟೇ. ಅಂದಿನಿಂದ ಹೆಂಡತಿ ಅವನ ಜೊತೆ ಮಾತು ಬಿಟ್ಟಿದ್ದಳು.

"ಊತ ಜಾಸ್ತಿಯಾಗ್ತಿದೆ," ಎಂದರು ಬಾಗಿಲಲ್ಲೇ ನಿಂತಿದ್ದ ಸರ್ಜನ್. "ಬುರುಡೆಯ ಒಂದು ಹೋಳು ತೆಗೆದು ಜಾಗ ಮಾಡಿಕೊಡೋಣ. ಥಿಯೇಟರ್ ರೆಡಿ ಇದೆ."

"ಬೆಳಗಿನ ಸ್ಕ್ಯಾನಿನಲ್ಲಿ ಊತ ಮೊದಲಿನಷ್ಟೇ ಇದೆಯಲ್ಲ ಸರ್. ಕಣ್ಣಿನ ಪಾಪೆ ಎರಡೂ ಸರಿಯಾಗಿವೆ," ಎಂದರು ಮಕ್ಕಳ ಐಸಿಯುವಿನ ಡಾಕ್ಟರಮ್ಮ. "ಅಪ್ಪ ಹೋದ ಮೇಲೆ ಅಂಕಿ ಇಳೀತಿದೆ. ಊತ ಅನ್ನೋದು ವಿಸಿಟಿಂಗ್ ಟೈಮ್ ನೋಡ್ಕೊಂಡು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಸ್ವಲ್ಪ ಹೊತ್ತು ಕೊಡಿ."

ಈಕೆಗೆ ತನ್ನ ಮೇಲಿನ ನಂಬಿಕೆ ಒಂದು ತೂಕ ಹೆಚ್ಚೇ ಎಂದು ಆಸ್ಪತ್ರೆಯೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ, ಇವತ್ತು ಅದು ಬೇಕಾಗಿತ್ತು. ಅಷ್ಟು ಎಳೆಯ ಬುರುಡೆಗೆ ಕಾರಣ ತಿಳಿಯದೆ ಗರಗಸ ಹಾಕಿಸಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ.

ಅಪ್ಪನನ್ನು ಒಳಗೆ ಕರೆದರು. ಅವನು ಕಳ್ಳನ ಹಾಗೆ ಬಂದು ಹಾಸಿಗೆಯ ಎಡಕ್ಕೆ ನಿಂತು, "ಪುಟ್ಟೀ..." ಎಂದ. ಸರ್ಜನ್ ಕಣ್ಣು ಮಾನಿಟರಿನ ಮೇಲೆ, ಅಪ್ಪನದೂ ಅಲ್ಲೇ. ಡಾಕ್ಟರಮ್ಮ ಮಾತ್ರ ಹಾಸಿಗೆಯನ್ನು ನೋಡುತ್ತಿದ್ದರು.

ಬಲಗಡೆ ಕೂತಿದ್ದ ತಾಯಿಯ ಕೈ ಮಗಳ ಕೆನ್ನೆಗೆ ಹೋಯಿತು. ಮೆಲ್ಲಗೆ, ಬಿಸಿಲಿಗೆ ಮರೆಮಾಡುವ ಹಾಗೆ, ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಂಕಿ ಏರತೊಡಗಿತು.

"ನೋಡಿದ್ರಾ?"

"ನೋಡಿದೆನಮ್ಮ." ಡಾಕ್ಟರಮ್ಮ ಎರಡೂ ಕೈಯಿಂದ ಆ ಪುಟ್ಟ ತಲೆಯನ್ನು ನೆಟ್ಟಗೆ ಮಾಡಿದರು. "ಕತ್ತು ಹೊರಳಿದ್ರೆ ತಲೆಯಿಂದ ರಕ್ತ ಕೆಳಗಿಳಿಸೋ ನರ ಅದುಮಿಹೋಗುತ್ತೆ. ರಕ್ತ ಅಲ್ಲೇ ನಿಲ್ಲುತ್ತೆ, ಒತ್ತಡ ಏರುತ್ತೆ. ಇವಳು ಯಾರ ಮುಖಾನೂ ಬೇಡ ಅಂದಿಲ್ಲ. ತಿರುಗಿಸಿದ್ದು ನೀವು."

ಅಂಕಿ ಇಳಿಯಿತು. ಇಳಿದು, ಕೆಳಗೇ ನಿಂತಿತು. ಸರ್ಜನ್ ಫೋನ್ ತೆಗೆದು, "ಥಿಯೇಟರ್ ಸದ್ಯಕ್ಕೆ ಬೇಡ," ಎಂದರು.

ತಾಯಿ ತನ್ನ ಕೈಯನ್ನೇ ನೋಡುತ್ತ ಬಿಕ್ಕಿದಳು. ಡಾಕ್ಟರಮ್ಮ ಸುರುಳಿ ಸುತ್ತಿದ ಎರಡು ಟವೆಲ್ ಅವಳ ಮಡಿಲಿಗಿಟ್ಟರು. "ತಲೆ ವಾಲದ ಹಾಗೆ ಎರಡೂ ಕಡೆ ಒತ್ತಾಗಿ ಇಡಬೇಕು."

ಒಂದನ್ನು ಅವಳು ತನ್ನ ಕಡೆ ಇಟ್ಟಳು. ಇನ್ನೊಂದನ್ನು ಹಿಡಿದುಕೊಂಡೇ ಕೂತಳು. ಆಮೇಲೆ ಕಣ್ಣೊರೆಸಿಕೊಂಡು, ಮಗಳ ಮೇಲಿಂದ ಆ ಕಡೆಗೆ ಚಾಚಿದಳು.

"ನಿಮ್ಮ ಕಡೇದು ನೀವೇ ಇಡಿ."