ನೀಲವ್ವನ ಆರು ಸಾವಿರ ಹೆಜ್ಜೆ

ಲಕ್ವ ಹೊಡೆದು ನೀಲವ್ವನ ಕಾಲು ಬಿದ್ದು ಮೂರು ವರ್ಷವಾಗಿತ್ತು. ಅಂಥವರಿದ್ದ ಎಲ್ಲ ಮನೆಗಳಂತೆ ಧಾರವಾಡದ ಅವರ ಮನೆಯಲ್ಲೂ ಹೆಜ್ಜೆ ಎಣಿಸುವ ಪಟ್ಟಿಯೊಂದಿತ್ತು. ಬೆಳಿಗ್ಗೆ ಗಂಡ ಗದಿಗೆಪ್ಪ ಅದನ್ನು ಕಾಲಿಗೆ ಕಟ್ಟಿಕೊಂಡು ಕೆರೆ ದಂಡೆಯ ಮೇಲೆ ನಡೆಯುತ್ತಿದ್ದ. ಆಮೇಲೆ ಅದನ್ನು ಅವಳ ಕಾಲಿಗೆ ಕಟ್ಟಿದರೆ, ಅವನು ನಡೆದಷ್ಟು ಹೆಜ್ಜೆ ಅವಳೂ ನಡೆಯಬಹುದಿತ್ತು. ತನ್ನ ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದಾಗ ಏಳದವನು ಇವಳಿಗಾಗಿ ಏಳುತ್ತಿದ್ದ. ಆದರೂ ಹೊಲಿಗೆ ಯಂತ್ರದ ಮುಂದೆ ಕೂತೇ ಬದುಕಿದವನಿಗೆ ಎರಡು ಸಾವಿರಕ್ಕೇ ಏದುಸಿರು. ಅಡುಗೆಮನೆ, ಬಚ್ಚಲು, ಹಿತ್ತಲಿಗೆ ಅಷ್ಟು ಸಾಕಾಗುತ್ತಿತ್ತು.

ಒಂದು ದಿನ ಅವಳು, “ನಾಳೆ ನನಗ ಆರು ಸಾವಿರ ಬೇಕ್ರಿ” ಎಂದಳು.

“ಅಷ್ಟ್ಯಾಕ? ಎಲ್ಲಿಗೆ ಹೊಂಟಿ?”

“ಬಂದ ಮ್ಯಾಲ ಹೇಳ್ತೀನಿ.”

ಮರುದಿನ ಗದಿಗೆಪ್ಪ ಅಲ್ಲಲ್ಲಿ ಕೂತು ಎದ್ದು, ಮಧ್ಯಾಹ್ನದವರೆಗೆ ನಡೆದು ಆರು ಸಾವಿರ ಮುಟ್ಟಿಸಿದ. ಅವಳ ಅಕ್ಕನ ಮನೆಗೆ ಹೋಗುತ್ತಾಳೇನೋ ಎಂದುಕೊಂಡ. ಒಬ್ಬಳೇ ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದು ಕಟ್ಟೆಯ ಮೇಲೆ ಕೂತಳು. ಪಟ್ಟಿಯಲ್ಲಿ ಹನ್ನೊಂದು ಹೆಜ್ಜೆ ಉಳಿದಿದ್ದವು.

“ಎಲ್ಲಿಗೆ ಹೋಗಿದ್ದಿ?”

“ಎಲ್ಲಿಗೂ ಇಲ್ರಿ. ಸುಮ್ನ ಅಡ್ಡಾಡಿದೆ. ಯಾರ ಮನಿಗೂ ಹೋಗಲಿಲ್ಲ. ಒಂದ್ ಓಣ್ಯಾಗ ದಾರಿ ತಪ್ಪಿತ್ತು, ಹೊಳ್ಳಿ ಬಂದೆ.”

ಇದಕ್ಕಾಗಿ ಮೊಣಕಾಲು ಸವೆಸಿದೆನೇ ಎಂದು ಅವನಿಗೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದವನು ಅವಳ ಧೂಳು ಮೆತ್ತಿದ ಪಾದಗಳನ್ನು ಕಂಡ. ಮೂರು ವರ್ಷದಿಂದ ಅವಳು ಕೆಲಸವಿಲ್ಲದೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲವೆಂಬುದು ಆಗ ಹೊಳೆಯಿತು.

“ನಾಳೆ ಏಳು ಸಾವಿರ ಆಗ್ತಾವೇನ್ ನೋಡ್ತೀನಿ” ಎಂದು, ಅವಳಿಗೆ ಕಾಲು ತೊಳೆಯಲು ನೀರು ತಂದಿಟ್ಟ.